ಕೊಗನೊಳ್ಳಿ ಟೋಲ್ ದಾಟುವಾಗ ನೆನಪಾಗುವ ಪಿಎಫ್

ಡೊಂಬಿವಲಿಯಿಂದ ರಾತ್ರಿ ಊಟ ಮುಗಿಸಿ ಕಾರು ಹತ್ತಿದರೆ ಹುಕ್ಕೇರಿ ತಾಲ್ಲೂಕಿನ ನಮ್ಮೂರಿಗೆ ಬೆಳಗಿನ ಚಹಾಕ್ಕೆ ತಲುಪಬಹುದು. ಕಳಂಬೋಲಿ, ಎಕ್ಸ್‌ಪ್ರೆಸ್ ವೇ, ಪುಣೆ, ಸಾತಾರಾ, ಕರಾಡ, ಕೊಲ್ಹಾಪುರ. ಕಾಗಲ್ ದಾಟಿದ ಮೇಲೆ ಹೆಂಡತಿ ಮಕ್ಕಳನ್ನು ಎಬ್ಬಿಸುತ್ತಾಳೆ, ‘ಕನ್ನಡ ಬೋರ್ಡ್ ಬಂತು ನೋಡ್ರಿ’ ಅಂತ. ಆ ಬೋರ್ಡಿನ ಹಿಂದೆಯೇ ಕೊಗನೊಳ್ಳಿ ಟೋಲ್ ನಾಕಾ. ಫಾಸ್ಟ್ಯಾಗ್ ಕುಂಯ್ ಅನ್ನುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ, ಕಂಬ ಮೇಲೇಳುತ್ತದೆ. ನಿಪ್ಪಾಣಿ, ಸಂಕೇಶ್ವರ ಕಳೆದು ಹತ್ತರಗಿ ನಾಕಾ ಬಂತೆಂದರೆ ಊರು ಬಂದಂತೆಯೇ. ಹತ್ತು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸರ್ಕಾರಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ನಿಮ್ಮಲ್ಲಿ ಬಹಳಷ್ಟು ಜನ ಹಾಗೇ ಅಂದುಕೊಂಡಿರಬಹುದು.

ಕಳೆದ ಸಲ ಕೇಳಿದವರು ಅಪ್ಪ. ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಟಿಕೆಟ್ಟಿನ ಲೆಕ್ಕ ಪೈಸೆ ಪೈಸೆ ಇಟ್ಟ ಕೈ. ‘ಅಲ್ಲೋ, ಈ ರೋಡ್ ಕಟ್ಟಿ ಇಪ್ಪತ್ತ ವರ್ಷ ಆತು. ಇನ್ನೂ ಯಾರಿಗೆ ಕೊಡಾಕತ್ತೇವಿ ರೊಕ್ಕ?’ ಅಂದರು. ಎಂ.ಟೆಕ್ ಮಾಡಿದ ಮಗನಿಗೆ ಉತ್ತರ ಗೊತ್ತಿರಲಿಲ್ಲ. ಡೊಂಬಿವಲಿಗೆ ಮರಳಿದ ಮೇಲೆ ಎರಡು ರಾತ್ರಿ ಕೂತು ಹುಡುಕಿದೆ. ಸಿಕ್ಕ ಉತ್ತರ ಅಪ್ಪನಿಗೆ ಹೇಳಿದಾಗ ಅವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮಹಾರಾಷ್ಟ್ರ ಗಡಿಯಿಂದ ಬೆಳಗಾವಿವರೆಗಿನ ಸುಮಾರು 77 ಕಿಲೊಮೀಟರ್ ರಸ್ತೆ ಸುವರ್ಣ ಚತುಷ್ಪಥ ಯೋಜನೆಯ ಕಾಲದ್ದು. ಕಟ್ಟಿದ್ದು ಐಎಲ್ ಆ್ಯಂಡ್ ಎಫ್‌ಎಸ್ ಸಮೂಹದ ನಾರ್ತ್ ಕರ್ನಾಟಕ ಎಕ್ಸ್‌ಪ್ರೆಸ್ ವೇ ಎಂಬ ಕಂಪನಿ, ‘ಆ್ಯನ್ಯುಯಿಟಿ’ ಪದ್ಧತಿಯಲ್ಲಿ. ಅಂದರೆ ಕಂಪನಿ ರಸ್ತೆ ಕಟ್ಟಿಕೊಡುತ್ತದೆ, ಹೆದ್ದಾರಿ ಪ್ರಾಧಿಕಾರ ವರ್ಷ ವರ್ಷ ಗೊತ್ತಾದ ಕಂತು ಕೊಡುತ್ತ ಹೋಗುತ್ತದೆ. ಕಂತು ಬಂದದ್ದು ಸಾರ್ವಜನಿಕ ಹಣದಿಂದ. ಆ ಹಣದಲ್ಲಿ ನೀವು ನಾವು ಪೆಟ್ರೋಲ್, ಡೀಸೆಲ್ ಹಾಕಿಸುವಾಗ ಕೊಟ್ಟ ಸೆಸ್ಸೂ ಸೇರಿದೆ. ಆ ಕರಾರು ಮುಗಿಯಿತು. ಅಪ್ಪನ ಲೆಕ್ಕದಲ್ಲಿ ರಸ್ತೆಯ ಸಾಲ ಅಲ್ಲಿಗೆ ತೀರಿತು.

ಸರ್ಕಾರದ ಲೆಕ್ಕ ಬೇರೆ ಇತ್ತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ‘ರಾಷ್ಟ್ರೀಯ ನಗದೀಕರಣ ಯೋಜನೆ’ ಪ್ರಕಟಿಸಿತು. ನಾಲ್ಕು ವರ್ಷಗಳಲ್ಲಿ 6 ಲಕ್ಷ ಕೋಟಿ ರೂಪಾಯಿ ಎತ್ತಬೇಕು; ಆಸ್ತಿ ಮಾರುವುದಿಲ್ಲ, ಅದರ ಆದಾಯವನ್ನು ಕೆಲವು ವರ್ಷಗಳ ಮಟ್ಟಿಗೆ ಬೇರೆಯವರಿಗೆ ಬಿಟ್ಟುಕೊಟ್ಟು ಹಣ ಈಗಲೇ ಪಡೆಯುವುದು. ನಮ್ಮ ಕಡೆ ಮಾವಿನ ತೋಪನ್ನು ಫಲಗುತ್ತಿಗೆಗೆ ಕೊಟ್ಟಂತೆ. ಅದೇ ವರ್ಷದ ನವೆಂಬರ್‌ನಲ್ಲಿ ಹೆದ್ದಾರಿ ಪ್ರಾಧಿಕಾರ ‘ನ್ಯಾಷನಲ್ ಹೈವೇಸ್ ಇನ್‌ಫ್ರಾ ಟ್ರಸ್ಟ್’ ಎಂಬ ಹೂಡಿಕೆ ಟ್ರಸ್ಟ್ ಮಾಡಿ ಐದು ರಸ್ತೆಗಳನ್ನು 30 ವರ್ಷಕ್ಕೆ ಅದಕ್ಕೆ ವಹಿಸಿತು. ಯೂನಿಟ್‌ಗಳನ್ನು ಹಂಚಿ 5,000 ಕೋಟಿ ರೂಪಾಯಿಗೂ ಹೆಚ್ಚು ಎತ್ತಿತು. ಐದರಲ್ಲಿ ಒಂದು, ಕಾಗಲ್ ಗಡಿಯಿಂದ ಬೆಳಗಾವಿಯ ನಮ್ಮ ರಸ್ತೆ. ಕೊಗನೊಳ್ಳಿ, ಹತ್ತರಗಿ ಎರಡೂ ನಾಕಾ ಅದರೊಳಗೆ.

ಯೂನಿಟ್ ಕೊಂಡವರು ಯಾರು? ಶೇ 25ರಷ್ಟು ಕೆನಡಾ ಪೆನ್ಷನ್ ಪ್ಲಾನ್ ಇನ್ವೆಸ್ಟ್‌ಮೆಂಟ್ ಬೋರ್ಡ್. ಇನ್ನೊಂದು ಶೇ 25ರಷ್ಟು ಒಂಟಾರಿಯೊ ಟೀಚರ್ಸ್ ಪೆನ್ಷನ್ ಪ್ಲಾನ್. ಕ್ವಿಬೆಕ್ ಬಿಟ್ಟು ಉಳಿದ ಕೆನಡಾದ ದುಡಿಯುವವರ ಪಿಂಚಣಿ ಹಣ ಮೊದಲನೆಯದು. ಎರಡನೆಯದು ಒಂಟಾರಿಯೊ ಪ್ರಾಂತ್ಯದ ಮೂರು ಲಕ್ಷಕ್ಕೂ ಹೆಚ್ಚು ಹಾಲಿ ಮತ್ತು ನಿವೃತ್ತ ಶಾಲಾ ಮಾಸ್ತರು, ಅಕ್ಕೋರುಗಳದ್ದು. ಎರಡಕ್ಕೂ ಮುಂಬಯಿಯಲ್ಲಿ ಕಚೇರಿ ಇದೆ. ಹುಕ್ಕೇರಿಯ ರೈತ ಕಬ್ಬಿನ ಬಿಲ್ ಕೇಳಲು ಬೆಳಗಾವಿಗೆ ಹೋಗುವಾಗ ಕೊಡುವ ಟೋಲಿನಲ್ಲಿ ಟೊರಾಂಟೊದ ಒಬ್ಬ ನಿವೃತ್ತ ಮಾಸ್ತರರ ಪಾಲಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಿನ ಮಾಸ್ತರರ ಹಾಗೆ ಅವರೂ ಸಂಬಳದಲ್ಲಿ ಕಡಿತ ಮಾಡಿಸಿಕೊಂಡು ಮುದಿತನಕ್ಕೆ ಇಟ್ಟ ಹಣ ಅದು. ಕೊಗನೊಳ್ಳಿ ಎಂಬ ಹೆಸರನ್ನು ಅವರು ಕೇಳಿಯೂ ಇರಲಾರರು.

ನಾನು ಇಲ್ಲಿಗೇ ನಿಲ್ಲಿಸಿದ್ದರೆ ಇದು ‘ವಿದೇಶಿಯರಿಗೆ ರಸ್ತೆ ಮಾರಿದರು’ ಎಂಬ ವಾಟ್ಸ್ಆ್ಯಪ್ ಫಾರ್ವರ್ಡ್ ಆಗುತ್ತಿತ್ತು. ಕತೆ ಅಷ್ಟು ಸುಲಭವಾಗಿಲ್ಲ. 2025ರ ಮಾರ್ಚ್‌ನಲ್ಲಿ ಇದೇ ಟ್ರಸ್ಟ್ ನಾಲ್ಕನೆಯ ಸುತ್ತಿನಲ್ಲಿ ಹಣ ಎತ್ತಿದಾಗ ಹೊಸ ಹೂಡಿಕೆದಾರರೊಬ್ಬರು ಬಂದರು. ಸುಮಾರು ಎರಡು ಸಾವಿರ ಕೋಟಿ ರೂಪಾಯಿ ಹಾಕಿದರು. ಅವರ ಹೆಸರು ನೌಕರರ ಭವಿಷ್ಯ ನಿಧಿ ಸಂಘಟನೆ. ನಮ್ಮ ಇಪಿಎಫ್‌ಒ.

ಅಂದರೆ ಐರೋಲಿಯ ಕಂಪನಿ ನನ್ನ ಸಂಬಳದಿಂದ ಶೇ 12 ಮುರಿದು, ತಾನೂ ಅಷ್ಟೇ ಸೇರಿಸಿ ಕಟ್ಟುವ ಹಣದ ಒಂದು ಚೂರು ಕೊಗನೊಳ್ಳಿಯ ಕಂಬದ ಕೆಳಗೆ ಇದೆ. ಚೂರು ಎಷ್ಟು ಎಂದೂ ಲೆಕ್ಕ ಹಾಕಿದೆ (ಅಪ್ಪನ ಮಗ). ಇಪಿಎಫ್‌ಒ ಬಳಿ ಇರುವ ಒಟ್ಟು ನಿಧಿ 20 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಆ ಲೆಕ್ಕದಲ್ಲಿ ನನ್ನ ಖಾತೆಯ ಒಂದು ಲಕ್ಷ ರೂಪಾಯಿಯಲ್ಲಿ ಈ ಟ್ರಸ್ಟ್‌ಗೆ ಹೋದದ್ದು ನೂರು ರೂಪಾಯಿಯೊಳಗೆ. ಮೊತ್ತ ಸಣ್ಣದು, ಆದರೆ ದಾರಿ ತೆರೆದಾಗಿದೆ. 2015ರ ಆಗಸ್ಟ್‌ನಲ್ಲಿ ಇಪಿಎಫ್‌ಒ ಷೇರುಪೇಟೆಗೆ ಕಾಲಿಟ್ಟಾಗ ವರ್ಷದ ಹೊಸ ಹೂಡಿಕೆಯ ಶೇ 5 ಮಾತ್ರ ಎಂದಿದ್ದರು. ಎರಡೇ ವರ್ಷದಲ್ಲಿ ಮಿತಿ ಶೇ 15 ಆಯಿತು.

ಆ ಷೇರಿನ ಹಣ ಹೋಗುವುದು ಇಟಿಎಫ್‌ಗಳಿಗೆ. ನಿಫ್ಟಿ, ಸೆನ್ಸೆಕ್ಸ್‌ಗಳ ಜೊತೆ ಸಿಪಿಎಸ್‌ಇ ಇಟಿಎಫ್, ಭಾರತ್ 22 ಇಟಿಎಫ್ ಕೂಡ ಇವೆ. ಈ ಎರಡನ್ನೂ ಸರ್ಕಾರ ಹುಟ್ಟಿಸಿದ್ದೇ ಸಾರ್ವಜನಿಕ ಉದ್ಯಮಗಳ ಷೇರು ಮಾರಲು. 2014ರಲ್ಲಿ ಬಂದ ಸಿಪಿಎಸ್‌ಇ ಇಟಿಎಫ್‌ನ ಬುಟ್ಟಿಯಲ್ಲಿ ಒಎನ್‌ಜಿಸಿ, ಕೋಲ್ ಇಂಡಿಯಾ ಇದ್ದವು, ನಮ್ಮ ಬೆಂಗಳೂರಿನ ಬಿಇಎಲ್ ಇತ್ತು, ಉರಣ್ ಬಂದರಿನಿಂದ ಕಂಟೇನರ್ ಸಾಗಿಸುವ ಕಾನ್‌ಕಾರ್ ಇತ್ತು. ಅದೇ ಕಾನ್‌ಕಾರ್‌ನ ಆಡಳಿತವನ್ನೇ ಖಾಸಗಿಗೆ ಬಿಟ್ಟುಕೊಡಲು 2019ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸಣ್ಣ ಪಾಲು ಮಾರುವುದನ್ನೇ ಖಾಸಗೀಕರಣ ಎಂದು ನಾನು ಕರೆಯುವುದಿಲ್ಲ, ಅದು ಅತಿ ಆದೀತು. ಆದರೆ ಸರ್ಕಾರ ಮಾರುಕಟ್ಟೆಗೆ ತಂದ ಪಾಲಿಗೆ ಖಾತ್ರಿ ಗಿರಾಕಿ ಕಾರ್ಮಿಕರ ನಿಧಿ, ಮತ್ತು ಆ ಗಿರಾಕಿಗೆ ತಾನು ಏನು ಕೊಂಡೆ ಎಂಬುದು ಗೊತ್ತಿಲ್ಲ ಎನ್ನುವುದು ವಿಚಿತ್ರ.

ಕರಾವಳಿಯ ಗೆಳೆಯರಿಗೆ ಇನ್ನೊಂದು ಉದಾಹರಣೆ. ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗುತ್ತೀರಿ. ಮಂಗಳೂರು ನಿಲ್ದಾಣ 2020ರ ಅಕ್ಟೋಬರ್ 31ರಂದು ಅದಾನಿ ಸಮೂಹದ ಕೈಗೆ ಹೋಯಿತು. ಮುಂಬಯಿಯದು ಮರುವರ್ಷ. ಈಗ ಪನ್ವೇಲ್ ಬಳಿ ತೆರೆದಿರುವ ನವಿ ಮುಂಬಯಿ ನಿಲ್ದಾಣದಲ್ಲಿ ಅವರದು ಶೇ 74, ಸಿಡ್ಕೋದ್ದು ಶೇ 26. ಈ ನಿಲ್ದಾಣಗಳ ಮಾತೃಸಂಸ್ಥೆ ಅದಾನಿ ಎಂಟರ್‌ಪ್ರೈಸಸ್ 2022ರ ಸೆಪ್ಟೆಂಬರ್‌ನಲ್ಲಿ ನಿಫ್ಟಿ 50ಕ್ಕೆ ಸೇರಿತು. ನಿಫ್ಟಿ ಇಟಿಎಫ್‌ನಲ್ಲಿ ಪಿಎಫ್ ಹಣ ಇದೆ. ಹೊರಡುವ ನಿಲ್ದಾಣ, ಇಳಿಯುವ ನಿಲ್ದಾಣ ಎರಡರಲ್ಲೂ ನಿಮ್ಮದೊಂದು ಸಾಸಿವೆಯಷ್ಟು ಪಾಲಿದೆ. ಬಳಕೆದಾರರ ಶುಲ್ಕ ಏರಿದಾಗ ಬೈಯುವಾಗ ಇದನ್ನೂ ನೆನಪಿಡಿ.

ಇನ್ನು ನಮ್ಮ ಠಾಣೆ ಕಡೆಯದು. 2023ರ ಜನವರಿ 4ರಂದು ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿಗಳ ನೌಕರರು 72 ಗಂಟೆಗಳ ಮುಷ್ಕರ ಹೂಡಿದರು. ಭಾಂಡುಪ್, ಮುಲುಂಡ್, ಠಾಣೆ, ನವಿ ಮುಂಬಯಿ, ಪನ್ವೇಲ್ ಭಾಗಗಳಿಗೆ ವಿದ್ಯುತ್ ಹಂಚಲು ಅದಾನಿ ಸಮೂಹದ ಕಂಪನಿಯೊಂದು ಸಮಾನಾಂತರ ಪರವಾನಗಿ ಕೇಳಿತ್ತು. ಮಹಾವಿತರಣದ ನೌಕರರ ಭಯ ಸರಳವಾಗಿತ್ತು: ದುಡ್ಡು ಬರುವ ಗ್ರಾಹಕರನ್ನು ಖಾಸಗಿಯವರು ಒಯ್ದರೆ ರೈತರ ಪಂಪ್‌ಸೆಟ್ಟು, ಹಳ್ಳಿಯ ತಂತಿ ಮಾತ್ರ ತಮಗೆ ಉಳಿಯುತ್ತದೆ. ಫಡಣವೀಸ್ ಅವರ ಜೊತೆ ಮಾತುಕತೆಯಾಗಿ ಅದೇ ದಿನ ಮುಷ್ಕರ ಹಿಂದೆಗೆದರು. ಡೊಂಬಿವಲಿಗೂ ಠಾಣೆಗೂ ನಡುವಿನ ಕಳವಾ, ಮುಂಬ್ರಾ, ಶಿಳ ಭಾಗದಲ್ಲಿ 2020ರ ಮಾರ್ಚ್‌ನಿಂದಲೇ ಟೊರೆಂಟ್ ಪವರ್ ಫ್ರಾಂಚೈಸಿಯಾಗಿ ಕೆಲಸ ಮಾಡುತ್ತಿದೆ. ಭಿವಂಡಿಯಲ್ಲಿ 2007ರಿಂದಲೇ ಇದೆ. ಲೋಕಲ್ ಟ್ರೇನಿನಲ್ಲಿ ನಿಂತು ಒಂದು ಫೋನ್ ಕರೆ ಮುಗಿಸುವಷ್ಟರಲ್ಲಿ ನಾವು ಸರ್ಕಾರಿ ಕರೆಂಟಿನಿಂದ ಖಾಸಗಿ ಕರೆಂಟಿಗೆ ದಾಟಿ ಮತ್ತೆ ಸರ್ಕಾರಿಗೆ ಬಂದಿರುತ್ತೇವೆ.

ಆ ಮುಷ್ಕರದ ದಿನ ನಮ್ಮ ಕಟ್ಟಡದ ಗ್ರೂಪಿನಲ್ಲಿ ಬಂದ ಮೆಸೇಜುಗಳೆಲ್ಲ ಲಿಫ್ಟು, ಇನ್ವರ್ಟರು, ವರ್ಕ್ ಫ್ರಂ ಹೋಮ್ ಕುರಿತು. ನನ್ನದೂ ಅದೇ. ಕಂಬ ಹತ್ತುವವನ ಮಾತು ನಮಗೆ ಕೇಳಿಸಲಿಲ್ಲ. ಆತನ ಮಾತು ಸರಿಯೋ ತಪ್ಪೋ ಎಂದು ಕೇಳುವಷ್ಟು ವ್ಯವಧಾನವೂ ನಮಗಿರಲಿಲ್ಲ.

ಕಾರ್ಮಿಕರ ನಿಧಿ ಮೂಲಸೌಕರ್ಯದಲ್ಲಿ ಹಣ ಹಾಕಲೇಬಾರದೇ? ಹಾಗೆನ್ನಲು ನನಗೆ ಮನಸ್ಸಿಲ್ಲ. ಇಪಿಎಫ್ ಬಡ್ಡಿ ಶೇ 8.25 ಬರಲಿ ಎಂದು ಕಾಯುವವನು ನಾನೇ. ಸರ್ಕಾರಿ ಬಾಂಡ್ ಅದಕ್ಕಿಂತ ಕಡಿಮೆ ಕೊಡುತ್ತದೆ. ಕೊರತೆ ಎಲ್ಲಿಂದಲೋ ತುಂಬಬೇಕು. ಮೂವತ್ತು ವರ್ಷ ಆದಾಯ ಕೊಡುವ ರಸ್ತೆ, ಮೂವತ್ತು ವರ್ಷ ಆದ ಮೇಲೆ ಪಿಂಚಣಿ ಕೊಡಬೇಕಾದ ನಿಧಿ ಎರಡಕ್ಕೂ ಜೋಡಿ ಚೆನ್ನಾಗಿದೆ. ಟೋಲ್ ದರವೂ ಪ್ರತಿ ಏಪ್ರಿಲ್ 1ಕ್ಕೆ ಶೇ 3 ಮತ್ತು ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40ರ ಲೆಕ್ಕದಲ್ಲಿ ತಾನಾಗಿ ಏರುತ್ತದೆ. ನಮ್ಮ ಸಂಬಳ ಹೀಗೆ ಏರುವುದಿಲ್ಲ ಬಿಡಿ. ಯಾರೋ ಒಬ್ಬ ಉದ್ಯಮಿ ಒಯ್ಯುವುದಕ್ಕಿಂತ ಈ ಆದಾಯ ಕೋಟ್ಯಂತರ ನೌಕರರಿಗೆ ಬರಲಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ವಾದ ನಿಲ್ಲಬೇಕಾದರೆ ನೌಕರರಿಗೆ ಹೇಳುವ ಕೇಳುವ ಹಕ್ಕೂ ಬರಬೇಕು. ಈಗ ಬಂದಿರುವುದು ನಷ್ಟದ ಅಪಾಯ ಮಾತ್ರ.

ಅಪಾಯ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಬೆಳಗಾವಿ ರಸ್ತೆ ಕಟ್ಟಿದ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹವೇ 2018ರ ಸೆಪ್ಟೆಂಬರ್‌ನಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ಸುಮಾರು 91,000 ಕೋಟಿ ರೂಪಾಯಿ ಸಾಲ. ಆ ವರ್ಷದ ಬೇಸಿಗೆಯವರೆಗೂ ಅದಕ್ಕೆ ‘ಎಎಎ’ ರೇಟಿಂಗ್ ಇತ್ತು. ಆ ಮೂರು ಅಕ್ಷರ ನಂಬಿ ಹಣ ಹಾಕಿದವರಲ್ಲಿ ಸಾರ್ವಜನಿಕ ವಲಯದ ಎಷ್ಟೋ ಕಂಪನಿಗಳ ನೌಕರರ ಪಿಎಫ್ ಟ್ರಸ್ಟ್‌ಗಳಿದ್ದವು. ನಮ್ಮ ಹಣ ಕೊಡಿಸಿ ಎಂದು ಅವು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ಮರುವರ್ಷ ಉತ್ತರ ಪ್ರದೇಶದ ವಿದ್ಯುತ್ ನೌಕರರ ಪಿಎಫ್‌ನ ನಾಲ್ಕು ಸಾವಿರ ಕೋಟಿಗೂ ಹೆಚ್ಚು ಹಣವನ್ನು ಡಿಎಚ್‌ಎಫ್‌ಎಲ್ ಎಂಬ ಖಾಸಗಿ ಗೃಹಸಾಲ ಕಂಪನಿಯಲ್ಲಿ ಇಟ್ಟದ್ದು ಹೊರಬಿತ್ತು. ಎರಡು ಸಾವಿರ ಕೋಟಿಗೂ ಹೆಚ್ಚು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ನೌಕರರು ಬೀದಿಗಿಳಿದರು.

ಹೊರದೇಶದ ದೊಡ್ಡ ನಿಧಿಗಳು ಜಾಣರು, ಅವರಿಗೆ ಹೀಗಾಗುವುದಿಲ್ಲ ಎನ್ನುವವರು ಲಂಡನ್ನಿನ ನೀರು ಕುಡಿದು ನೋಡಬೇಕು. ಥೇಮ್ಸ್ ವಾಟರ್ 1989ರಲ್ಲಿ ಖಾಸಗಿಯಾಯಿತು. ಅದರ ಅತಿ ದೊಡ್ಡ ಷೇರುದಾರ ಒಂಟಾರಿಯೊದ ಮುನಿಸಿಪಾಲಿಟಿ ನೌಕರರ ಪಿಂಚಣಿ ನಿಧಿ, ಓಮರ್ಸ್. ಜೊತೆಗೆ ಬ್ರಿಟನ್ನಿನ ವಿಶ್ವವಿದ್ಯಾಲಯ ಅಧ್ಯಾಪಕರ ನಿಧಿ. ಕಂಪನಿ ಸಾಲದಲ್ಲಿ ಮುಳುಗಿತು, ನದಿಗೆ ಚರಂಡಿ ನೀರು ಬಿಟ್ಟ ಆರೋಪದಲ್ಲಿ ದಂಡ ಕಟ್ಟಿತು, 2024ರಲ್ಲಿ ಓಮರ್ಸ್ ತನ್ನ ಪಾಲಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಿತು. ಟೊರಾಂಟೊ ಕಡೆಯ ಊರಿನ ಪೌರಕಾರ್ಮಿಕ ಲಂಡನ್ನಿನ ನೀರಿನಲ್ಲಿ ಹಣ ಕಳೆದುಕೊಂಡ, ಲಂಡನ್ನಿನವನು ಹೆಚ್ಚಿನ ಬಿಲ್ ಕಟ್ಟಿದ. ಇದೇ ಓಮರ್ಸ್ 2021ರಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪಾಲಿರುವ ಫೇರ್‌ಫ್ಯಾಕ್ಸ್‌ನ ಅಂಗಸಂಸ್ಥೆಯಲ್ಲೂ ಹಣ ಹಾಕಿದೆ. ಟೊರಾಂಟೊದಲ್ಲಿರುವ ಕನ್ನಡಿಗರನ್ನು 407 ಹೆದ್ದಾರಿ ಬಗ್ಗೆ ಕೇಳಿ. ಪ್ರಾಂತ್ಯ ಸರ್ಕಾರ 1999ರಲ್ಲಿ 3.1 ಬಿಲಿಯನ್ ಕೆನಡಾ ಡಾಲರಿಗೆ 99 ವರ್ಷ ಗುತ್ತಿಗೆ ಕೊಟ್ಟ ರಸ್ತೆ ಅದು. ಇವತ್ತು ಅದರ ದೊಡ್ಡ ಒಡೆಯರಲ್ಲಿ ಅಲ್ಲಿನ ದುಡಿಯುವವರ ಪಿಂಚಣಿ ನಿಧಿಯೂ ಒಂದು, ದರಕ್ಕೆ ಹೆದರಿ ಪಕ್ಕದ ರಸ್ತೆಯ ಜಾಮ್‌ನಲ್ಲಿ ನಿಲ್ಲುವವರೂ ಅದೇ ದುಡಿಯುವವರು.

ಇತ್ತ ನಮ್ಮ ಕಡೆ ರಾಜಕೀಯ ಒತ್ತಡ ಬಂದರೆ ಟೋಲ್ ಮಾಯವಾಗುವುದನ್ನೂ ಕಂಡಿದ್ದೇವೆ. 2024ರ ಅಕ್ಟೋಬರ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿ, ಮುಂಬಯಿ ಪ್ರವೇಶದ ಐದೂ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಮಾಫಿಯಾಯಿತು. ಐರೋಲಿ ಸೇತುವೆಯ ಆ ಸಾಲು ಕರಗಿದ್ದು ನನಗೂ ಸಂತೋಷ. ನಾಳೆ ನಿಪ್ಪಾಣಿಯಲ್ಲೂ ಯಾರೋ ಇದೇ ಬೇಡಿಕೆ ಇಡಬಹುದು. ಆಗ ನಷ್ಟ ಕೆನಡಾದವರದು ಮಾತ್ರವೇ ಅಲ್ಲ, ಪಿಎಫ್ ಖಾತೆದಾರರದೂ ಹೌದು. ಸರ್ಕಾರ ತುಂಬಿಕೊಟ್ಟರೆ ತೆರಿಗೆದಾರರದು. ಇವರೆಲ್ಲ ಬೇರೆ ಬೇರೆ ಜನ ಎಂದು ಟಿವಿಯ ಚರ್ಚೆಯಲ್ಲಿ ಕಾಣುತ್ತದೆ. ನಮ್ಮ ಮನೆಯಲ್ಲಿ ಮೂವರೂ ಒಬ್ಬನೇ.

ನಾನು ಕೇಳುವುದು ಇಷ್ಟೇ. ಮ್ಯೂಚುವಲ್ ಫಂಡ್‌ನಲ್ಲಿ ಐದು ಸಾವಿರದ ಎಸ್‌ಐಪಿ ಹಾಕಿದರೆ ನನ್ನ ಹಣ ಯಾವ ಕಂಪನಿಯಲ್ಲಿದೆ ಎಂದು ತಿಂಗಳು ತಿಂಗಳು ಹೇಳುತ್ತಾರೆ. ಅದಕ್ಕಿಂತ ದೊಡ್ಡ ಮೊತ್ತ ಹೋಗುವ ಪಿಎಫ್‌ನ ಪಾಸ್‌ಬುಕ್ ತೆರೆದರೆ ನನ್ನ ಪಾಲು, ಮಾಲೀಕರ ಪಾಲು, ಬಡ್ಡಿ, ಅಷ್ಟೇ. ಯುಎಎನ್ ಹಾಕಿದ ಕೂಡಲೇ ನಿಧಿಯ ಪೂರ್ತಿ ಹೂಡಿಕೆಯ ಪಟ್ಟಿ ತೋರಿಸುವುದು ತಂತ್ರಾಂಶದ ದೃಷ್ಟಿಯಿಂದ ಕಷ್ಟವೇ ಅಲ್ಲ. ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ಇಪಿಎಫ್‌ಒದ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯಲ್ಲಿ ನೌಕರರ ಪ್ರತಿನಿಧಿಗಳಿಗೆ ಹತ್ತು ಸ್ಥಾನಗಳಿವೆ. ಮಾಲೀಕರಿಗೂ ಹತ್ತು. ಅಧ್ಯಕ್ಷರು ಕೇಂದ್ರ ಕಾರ್ಮಿಕ ಸಚಿವರು. ಸರ್ಕಾರ ಮಾರುವ ಆಸ್ತಿಯನ್ನು ಸರ್ಕಾರದ ಸಚಿವರೇ ಅಧ್ಯಕ್ಷರಾಗಿರುವ ನಿಧಿ ಕೊಳ್ಳುವಾಗ ಬೆಲೆ ಸರಿ ಇದೆಯೇ ಎಂದು ಗಟ್ಟಿಯಾಗಿ ಕೇಳಬೇಕಾದವರು ಆ ಹತ್ತು ಜನ. ಯೂನಿಟ್‌ದಾರನಿಗೆ ಮತ ಇರುತ್ತದೆ. ಆ ಮತ ಹಾಕುವಾಗ ರಸ್ತೆಯ ಗುಂಡಿ, ಆಂಬುಲೆನ್ಸು, ಸರ್ವಿಸ್ ರಸ್ತೆ, ನಾಕಾದಲ್ಲಿ ದುಡಿಯುವ ಗುತ್ತಿಗೆ ಹುಡುಗರ ಕೂಲಿ ಇವನ್ನೂ ಕೇಳಬಹುದು. ಕೆನಡಾದ ಮಾಸ್ತರರು ಕೊಗನೊಳ್ಳಿಯ ಹುಡುಗನ ಬಗ್ಗೆ ಕೇಳದಿದ್ದರೆ ಕ್ಷಮಿಸಬಹುದು. ನಾವು ಕೇಳದಿದ್ದರೆ?

ಈ ಮಾತು ಐಟಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಠಾಣೆ, ಕಲ್ಯಾಣದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು, ಕಲಬುರಗಿ, ಯಾದಗಿರಿಯಿಂದ ಬಂದು ನವಿ ಮುಂಬಯಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವರು, ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಪಿಎಫ್ ಬಿಡಿಸಿಕೊಳ್ಳದೇ ಮರೆತವರು, ಎಲ್ಲರ ಹಣವೂ ಇದೇ ಬೊಕ್ಕಸದಲ್ಲಿದೆ. ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಜೊತೆ ವರ್ಷಕ್ಕೊಂದು ಭಾನುವಾರ ಪಿಎಫ್ ಖಾತೆ ಸರಿಪಡಿಸುವ ಶಿಬಿರ ಇಟ್ಟರೆ ಜನ ಬರುತ್ತಾರೆ. ಲ್ಯಾಪ್‌ಟಾಪ್ ತರುವ ಜವಾಬ್ದಾರಿ ನನ್ನದು.

ಅಪ್ಪ ಯಾಕೆ ನಕ್ಕರು ಎಂದು ಹೇಳಿಲ್ಲ ಅಲ್ಲವೇ. ಅವರದು ಇಪಿಎಸ್-95 ಪಿಂಚಣಿ. ಮೂವತ್ತು ವರ್ಷ ದುಡಿದವರಿಗೆ ತಿಂಗಳಿಗೆ ಮೂರು ಸಾವಿರದೊಳಗೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯೇ ಅಷ್ಟಿತ್ತು, 2014ರವರೆಗೆ ಅದು 6,500 ರೂಪಾಯಿ. ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದು ಆ ವರ್ಷ ಆದದ್ದು ಇನ್ನೂ ಸಾವಿರದಲ್ಲೇ ಇದೆ. ಟೋಲ್‌ಗೆ ಇರುವ ಸೂಚ್ಯಂಕದ ಲೆಕ್ಕ ಅದಕ್ಕಿಲ್ಲ. ಅವರು ಮೂವತ್ತು ವರ್ಷ ಓಡಾಡಿದ ಸರ್ಕಾರಿ ಬಸ್ಸೂ ಹತ್ತರಗಿಯಲ್ಲಿ ನಿಂತು ಟೋಲ್ ಕಟ್ಟಿಯೇ ಮುಂದೆ ಹೋಗುತ್ತದೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಬಸ್ ದರ ಶೇ 15 ಏರಿತು. ಅದೇ ಹೊತ್ತಿಗೆ ನಾಲ್ಕೂ ಸಾರಿಗೆ ನಿಗಮಗಳು ನೌಕರರ ಪಿಎಫ್ ಮತ್ತು ಡೀಸೆಲ್ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕು, ‘ಹಂಗಾರ ನಾಕಾದಾಗ ನನ್ನ ಹೆಸರ ಹೇಳಿ ನೋಡು, ಬಿಟ್ಟಾರು’ ಅಂದರು. ಮುಂದಿನ ವಾರ ನಾಗರ ಪಂಚಮಿಗೆ ಊರಿಗೆ ಹೊರಟಿದ್ದೇವೆ. ಫಾಸ್ಟ್ಯಾಗ್‌ಗೆ ಐನೂರು ರೂಪಾಯಿ ಹಾಕಿಸಿಟ್ಟಿದ್ದೇನೆ.